‘ಉಚಿತ ಆರೋಗ್ಯ ಶಿಬಿರ’ದಲ್ಲಿ ಕಂದುಬಣ್ಣಕ್ಕೆ ತಿರುಗಿದ ನೀರು: ಇಂಥ ಮಾತುಗಳನ್ನು ಒರೆಗೆ ಹಚ್ಚುವುದು ಹೇಗೆ?

ವಿದ್ಯಾನಗರ ನಿವಾಸಿ, ದಾವಣಗೆರೆ

ನಮ್ಮ ಬಡಾವಣೆಗೆ ಹತ್ತಿರದ ಕಲ್ಯಾಣ ಮಂಟಪವೊಂದರಲ್ಲಿ ಇತ್ತೀಚೆಗೆ ‘ಉಚಿತ ಆರೋಗ್ಯ ತಪಾಸಣಾ ಶಿಬಿರ’ ನಡೆಯಿತು. ವೈದ್ಯರು ಯಾರೂ ಇರಲಿಲ್ಲ, ಟೈ ಕಟ್ಟಿಕೊಂಡ ಪ್ರತಿನಿಧಿಗಳಿದ್ದರು. ನಮ್ಮ ಅವ್ವನ ಕೈಗೆ ಲೋಹದ ಕಡ್ಡಿಯೊಂದನ್ನು ಹಿಡಿಸಿ, ಒಂದು ನಿಮಿಷದಲ್ಲಿ ಕಂಪ್ಯೂಟರಿನಿಂದ ದಪ್ಪನೆಯ ವರದಿಯೊಂದನ್ನು ತೆಗೆದು, ಲಿವರ್, ಕಿಡ್ನಿ, ಮೂಳೆ ಎಲ್ಲವೂ ‘ಸ್ವಲ್ಪ ದುರ್ಬಲ’ ಎಂದು ಹೇಳಿದರು. ಆಮೇಲೆ ಬೋರ್‌ವೆಲ್ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಕರೆಂಟಿನ ಕಡ್ಡಿಗಳನ್ನು ಅದ್ದಿದರು. ಎರಡೇ ನಿಮಿಷದಲ್ಲಿ ನೀರು ಕಂದುಬಣ್ಣಕ್ಕೆ ತಿರುಗಿ, ಮೇಲೆ ಕೊಳೆಯಂಥ ನೊರೆ ನಿಂತಿತು. ಪಕ್ಕದ ಲೋಟದಲ್ಲಿದ್ದ ಅವರ ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಉಳಿಯಿತು. ಈ ‘ಕ್ಷಾರೀಯ’ ನೀರನ್ನು ಮೂರು ತಿಂಗಳು ಕುಡಿದರೆ ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಮೂರೂ ಹೋಗುತ್ತವೆ, ಮಾತ್ರೆ ನಿಲ್ಲಿಸಬಹುದು ಎಂಬುದು ಅವರ ಭರವಸೆ. ಯಂತ್ರದ ಬೆಲೆಗೆ ಒಂದು ಒಳ್ಳೆಯ ಎಚ್‌ಎಫ್ ಹಸು ಬರುತ್ತದೆ.

ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಮಂಡಿನೋವೂ ಇದೆ. ನೀರಿನ ಬಣ್ಣ ಬದಲಾದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ‘ಕಣ್ಣಿಗೆ ಕಂಡದ್ದು ಸುಳ್ಳೇ?’ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ರಸಾಯನಶಾಸ್ತ್ರ ಉಪನ್ಯಾಸಕ, ಚಿತ್ರದುರ್ಗ

ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಅದಕ್ಕೆ ಅವರು ಕೊಟ್ಟ ವಿವರಣೆ ಸುಳ್ಳು. ಆ ಕಡ್ಡಿಗಳಲ್ಲಿ ಒಂದು ಸಾಮಾನ್ಯವಾಗಿ ಕಬ್ಬಿಣದ್ದಾಗಿರುತ್ತದೆ. ಲವಣಾಂಶವಿರುವ ನೀರಿನಲ್ಲಿ ವಿದ್ಯುತ್ ಹರಿದಾಗ ಕಬ್ಬಿಣವು ಕರಗಿ, ನೀರಿನೊಡನೆ ಸೇರಿ, ತುಕ್ಕಿನ ಬಣ್ಣದ ಹೈಡ್ರಾಕ್ಸೈಡ್ ಆಗಿ ತೇಲುತ್ತದೆ. ನಿಮ್ಮ ಅವ್ವ ಕಂಡ ಕೊಳೆ ನೀರಿನಿಂದ ಬಂದದ್ದಲ್ಲ, ಕಡ್ಡಿಯಿಂದ ಬಂದದ್ದು. ಅವರ ಯಂತ್ರದಲ್ಲಿ ಆರ್‌ಒ ಪೊರೆ ಇರುವುದರಿಂದ ಲವಣಗಳು ಬಹುಪಾಲು ಹೋಗಿರುತ್ತವೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಡಿಮೆ, ಆದ್ದರಿಂದ ಕಡ್ಡಿ ಕರಗುವುದಿಲ್ಲ, ನೀರು ತಿಳಿಯಾಗಿ ಉಳಿಯುತ್ತದೆ. ಆ ತಿಳಿನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಅದೇ ಕಡ್ಡಿಗಳನ್ನು ಅದ್ದಿಸಿ ನೋಡಿ, ಬೋರ್‌ವೆಲ್ ನೀರಿಗಿಂತಲೂ ಗಾಢವಾಗಿ ಕಂದಾಗುತ್ತದೆ. ನಾವು ದಿನವೂ ಸಾರಿಗೆ ಹಾಕುವ ಉಪ್ಪು ಕೊಳೆಯಲ್ಲವಷ್ಟೆ.

ಅವರು ಬಳಸುವ ಸಾಧನ ಮನೆಯ ಕರೆಂಟಿನಿಂದ ನಡೆಯುವಂಥದ್ದು. ಅದನ್ನು ಯಾರೂ ಅನುಕರಿಸಬಾರದು. ಮನೆಯಲ್ಲಿ ತೋರಿಸಬೇಕೆಂದಿದ್ದರೆ ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿ, ಎರಡು ಕಬ್ಬಿಣದ ಮೊಳೆ, ಎರಡು ತುಂಡು ತಂತಿ, ಒಂದು ಗಾಜಿನ ಲೋಟ ಸಾಕು. ಮೊಳೆಗಳು ಒಂದಕ್ಕೊಂದು ತಾಗದಂತೆ ಇಟ್ಟು, ಉಪ್ಪು ಹಾಕದ ಆರ್‌ಒ ನೀರಿನಲ್ಲಿ ಮೊದಲು ನೋಡಿ, ಬಳಿಕ ಉಪ್ಪು ಹಾಕಿ ಕಾಯಿರಿ. ಒಂದು ಮೊಳೆಯ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ. ಇನ್ನೊಂದರ ಮೈಯಿಂದ ಹಸಿರು ಮಿಶ್ರಿತ ಎಳೆಗಳು ಇಳಿದು ನಿಧಾನವಾಗಿ ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಮೊಳೆಯನ್ನು ಹೊರತೆಗೆದು ನೋಡಿದರೆ ಅದರ ಮೈ ಸವೆದಿರುವುದು ಬೆರಳಿಗೇ ತಿಳಿಯುತ್ತದೆ. ಈ ನೀರನ್ನು ಕುಡಿಯಬಾರದು. ಪಾದಗಳನ್ನು ನೀರಿನಲ್ಲಿಡಿಸಿ ‘ದೇಹದ ವಿಷ ಹೊರಬಂತು’ ಎಂದು ತೋರಿಸುವ ಯಂತ್ರದ ಗುಟ್ಟೂ ಇದೇ. ಪಾದವಿಲ್ಲದೆ ಬರಿಯ ಉಪ್ಪುನೀರಿನಲ್ಲಿ ನಡೆಸಿದರೂ ಆ ನೀರು ಕಂದಾಗುತ್ತದೆ.

ಇನ್ನು ಕ್ಷಾರೀಯ ನೀರಿನ ಮಾತು. ರಕ್ತದ ಪಿಎಚ್ (ಆಮ್ಲ-ಕ್ಷಾರದ ಮಟ್ಟವನ್ನು ತೋರಿಸುವ ಅಂಕಿ) 7.35ರಿಂದ 7.45ರ ಒಳಗೆ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಗಲಿರುಳು ನೋಡಿಕೊಳ್ಳುತ್ತವೆ. ಕುಡಿದ ನೀರು ಮೊದಲು ಸೇರುವುದು ಜಠರದ ಪ್ರಬಲ ಆಮ್ಲವನ್ನು. ಲೋಟದ ನೀರು ರಕ್ತವನ್ನು ಕ್ಷಾರೀಯಗೊಳಿಸುತ್ತದೆ ಎಂಬುದು ಈ ಎರಡು ಹಂತಗಳನ್ನೂ ಮರೆತು ಆಡುವ ಮಾತು.

ನಮ್ಮ ಭಾಗದ ನೀರಿನಲ್ಲಿ ನಿಜವಾದ ತೊಂದರೆಯೊಂದಿದೆ, ಆದರೆ ಈ ಪ್ರದರ್ಶನ ಅದನ್ನು ತೋರಿಸುವುದೇ ಇಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಅನೇಕ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ; ಬೇರೆ ಮೂಲವಿಲ್ಲದಿದ್ದರೆ 1.5ರ ವರೆಗೆ ಸಹಿಸಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ಅಷ್ಟು ಪ್ರಮಾಣದಲ್ಲಿ ರುಚಿಯೂ ಇಲ್ಲ. ನೀರನ್ನು ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಮಾರಾಟಗಾರರು ಜೇಬಿನಿಂದ ತೆಗೆಯುವ ಟಿಡಿಎಸ್ ಮೀಟರ್ ಕರಗಿದ ಒಟ್ಟು ಲವಣವನ್ನು ಅಂದಾಜಿಸುತ್ತದೆಯೇ ಹೊರತು ಫ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಪರೀಕ್ಷೆ ಮಾಡಿಸುವುದಾದರೆ ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಮಾಡಿಸಿ. ಹೆಚ್ಚಿದ್ದರೆ ಸಾಧಾರಣ ಆರ್‌ಒ ಯಂತ್ರವೋ ಊರಿನ ಶುದ್ಧ ಕುಡಿಯುವ ನೀರಿನ ಘಟಕವೋ ಆ ಕೆಲಸ ಮಾಡುತ್ತದೆ.

ಹೊಳಲ್ಕೆರೆಯ ಶಿಕ್ಷಕಿ

ಕಡ್ಡಿ ಹಿಡಿಸಿ ವರದಿ ಕೊಡುವ ಯಂತ್ರದ ಬಗ್ಗೆ ಒಂದು ಮಾತು. ಆ ಯಂತ್ರಕ್ಕೆ ಮೊದಲು ಹೆಸರು, ವಯಸ್ಸು, ಲಿಂಗ, ಎತ್ತರ, ತೂಕ ನಮೂದಿಸುತ್ತಾರೆ. ಮುಂದಿನ ಸಲ ಒಬ್ಬರೇ ಎರಡು ಸಾರಿ ಹಿಡಿಯಲಿ. ಒಂದು ಸಾರಿ ನಿಜವಾದ ವಯಸ್ಸು ಹೇಳಲಿ, ಇನ್ನೊಂದು ಸಾರಿ ಮೂವತ್ತು ವರ್ಷ ಕಡಿಮೆ ಹೇಳಲಿ. ಎರಡು ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಯಂತ್ರವು ಕೈಯನ್ನು ಓದುತ್ತಿದೆಯೋ ಕೀಲಿಮಣೆಯನ್ನು ಓದುತ್ತಿದೆಯೋ ತಿಳಿಯುತ್ತದೆ. ಪ್ರತಿನಿಧಿಗಳು ಇದಕ್ಕೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಔಷಧ ಅಂಗಡಿಯವನು, ಪಿ.ಜೆ. ಬಡಾವಣೆ, ದಾವಣಗೆರೆ

ಕೌಂಟರಿನ ಈ ಕಡೆ ನಿಂತು ನೋಡಿದವನಾಗಿ ಹೇಳುತ್ತೇನೆ. ಡಬ್ಬಿಯ ಮುಂಭಾಗವನ್ನು ಓದಬೇಡಿ, ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ‘ಸರ್ಕಾರದಿಂದ ಅನುಮೋದಿತ’ ಎಂದು ಪ್ರತಿನಿಧಿ ಬೆರಳಿಟ್ಟು ತೋರಿಸುವುದು ಅನೇಕ ಸಲ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಹದಿನಾಲ್ಕು ಅಂಕಿಗಳ ಸಂಖ್ಯೆಯನ್ನು. ಆ ಸಂಖ್ಯೆ ಚಿಪ್ಸ್ ಪೊಟ್ಟಣದ ಮೇಲೂ ಇರುತ್ತದೆ. ಅದು ಆಹಾರ ತಯಾರಿಸುವ ಪರವಾನಗಿಯೇ ಹೊರತು, ಒಳಗಿರುವ ಪುಡಿ ಯಾವುದೋ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ಯಾರೂ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವಲ್ಲ. ಪೂರಕ ಆಹಾರಗಳ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಎಂಬರ್ಥದ ಸಾಲನ್ನು ನಿಯಮದಂತೆ ಮುದ್ರಿಸಲೇಬೇಕು. ಬಾಯಲ್ಲಿ ‘ಶುಗರ್ ಹೋಗುತ್ತದೆ’ ಎನ್ನುವವನೇ ಡಬ್ಬಿಯ ಮೇಲೆ ಆ ಸಾಲನ್ನು ಮುದ್ರಿಸಿಕೊಂಡಿರುತ್ತಾನೆ. ಅವನ ಕೈಯಲ್ಲೇ ಅದನ್ನು ಗಟ್ಟಿಯಾಗಿ ಓದಿಸಿ.

ಕಾನೂನು ಹೊಸದೇನಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಪಾರ್ಶ್ವವಾಯು, ಮೂರ್ಛೆರೋಗ ಸೇರಿ 54 ಕಾಯಿಲೆಗಳಿವೆ. ಇವುಗಳನ್ನು ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ. ಮೊದಲ ತಪ್ಪಿಗೆ ಆರು ತಿಂಗಳವರೆಗೆ ಸೆರೆವಾಸವಿದೆ. ಕಾಯ್ದೆಯ ವಯಸ್ಸು ಎಪ್ಪತ್ತು ದಾಟಿದೆ, ಗೋಡೆಬರಹಗಳು ಮಾತ್ರ ಇನ್ನೂ ಹೊಸದಾಗಿಯೇ ಇವೆ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಹೆಸರಿಲ್ಲದ ಪೊಟ್ಟಣದ ಕೀಲುನೋವಿನ ಪುಡಿ. ಎರಡೇ ದಿನದಲ್ಲಿ ಮಂಡಿ ಹಗುರಾಯಿತು, ಹಸಿವು ಹೆಚ್ಚಿತು, ಮುಖ ತುಂಬಿಕೊಂಡಿತು ಎಂದು ಜನ ಸಂತೋಷದಿಂದ ಹೇಳುತ್ತಾರೆ. ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಮುಖ ತುಂಬಿಕೊಳ್ಳುವುದು ಆರೋಗ್ಯವಲ್ಲ, ಸ್ಟಿರಾಯ್ಡಿನ ಅಡ್ಡಪರಿಣಾಮ. ಅದು ಸಕ್ಕರೆಯನ್ನು ಏರಿಸುತ್ತದೆ, ಮೂಳೆಯನ್ನು ಸವೆಸುತ್ತದೆ. ಬಹುಕಾಲ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಈಗಾಗಲೇ ತಿನ್ನುತ್ತಿರುವವರು ತಾವಾಗಿ ಬಿಡದೆ, ಪೊಟ್ಟಣದ ಸಮೇತ ವೈದ್ಯರ ಬಳಿಗೆ ಹೋಗಬೇಕು.

ವಿದ್ಯಾನಗರ ನಿವಾಸಿ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಮೊಳೆಯ ಪ್ರಯೋಗವನ್ನು ಅವ್ವ ಕುತೂಹಲದಿಂದಲೇ ನೋಡಿದರು. ಆದರೆ ಅವರ ಎರಡನೆಯ ವಾದ ಇನ್ನೂ ನಿಂತಿದೆ. ಎದುರು ಮನೆಯ ಅಜ್ಜಿಗೆ ಆ ನೀರಿನಿಂದ ಮಂಡಿನೋವು ಕಡಿಮೆಯಾಗಿದೆಯಂತೆ. ಆ ಅಜ್ಜಿಗೆ ಸುಳ್ಳು ಹೇಳುವ ಅಗತ್ಯವಿಲ್ಲ, ಕಮಿಷನ್ನೂ ಇಲ್ಲ. ಹಾಗಾದರೆ ಅದನ್ನು ಏನೆಂದು ತಿಳಿಯಬೇಕು?

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ, ಚಳ್ಳಕೆರೆ ತಾಲ್ಲೂಕು

ಅಜ್ಜಿ ಹೇಳುತ್ತಿರುವುದು ನಿಜವೇ ಇರಬಹುದು. ನಾವು ಕೇಳಬೇಕಾದದ್ದು, ಆ ನೀರನ್ನು ಕುಡಿಯದಿದ್ದರೆ ಅವರ ನೋವು ಏನಾಗುತ್ತಿತ್ತು ಎಂಬುದನ್ನು. ಮಂಡಿ ಸವೆತದ ನೋವು ಒಂದೇ ಮಟ್ಟದಲ್ಲಿ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಮನುಷ್ಯರು ಹೊಸ ಮದ್ದಿಗೆ ಹಣ ಬಿಚ್ಚುವುದು ನೋವು ಅತಿಯಾಗಿ ಏರಿದ ದಿನಗಳಲ್ಲಿ. ಅಲ್ಲಿಂದ ಮುಂದೆ ಅದು ಇಳಿಯುವ ಸಂಭವವೇ ಹೆಚ್ಚು, ಆ ಇಳಿತದ ಕೀರ್ತಿ ಆಗ ಕೈಯಲ್ಲಿದ್ದ ಮದ್ದಿಗೆ ಸಲ್ಲುತ್ತದೆ. ಇದರ ಜೊತೆಗೆ ಹಣ ಕೊಟ್ಟ ನಿರೀಕ್ಷೆ, ಯಾರೋ ಕೂತು ಕಷ್ಟ ಕೇಳಿದ ಸಮಾಧಾನ, ಅದೇ ವೇಳೆಯಲ್ಲಿ ಸದ್ದಿಲ್ಲದೆ ನುಂಗುತ್ತಿದ್ದ ನೋವಿನ ಮಾತ್ರೆ ಇವೂ ಸೇರುತ್ತವೆ.

ನಮ್ಮ ಕಡೆ ಇದಕ್ಕೆ ಕಾಮಾಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಕ್ಕಳಿಗೂ ಯುವಕರಿಗೂ ಬರುವ ಕಾಮಾಲೆಯಲ್ಲಿ ದೊಡ್ಡ ಪಾಲು ಕಲುಷಿತ ನೀರು, ಆಹಾರಗಳಿಂದ ಬರುವ ಹೆಪಟೈಟಿಸ್ ಎ ವೈರಾಣುವಿನದು. ಬಹುತೇಕರಲ್ಲಿ ಅದು ಕೆಲವು ವಾರಗಳಲ್ಲಿ, ತಪ್ಪಿದರೆ ಒಂದೆರಡು ತಿಂಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆ ವಾರಗಳಲ್ಲಿ ಸೊಪ್ಪಿನ ರಸ ಕುಡಿದವರೂ ಗುಣವಾಗುತ್ತಾರೆ, ಕುಡಿಯದವರೂ ಗುಣವಾಗುತ್ತಾರೆ. ಹೀಗಾಗಿ ಔಷಧಿ ಕೊಟ್ಟವರ ಹೆಸರು ಸುತ್ತಲ ಹತ್ತೂರಿಗೆ ಹರಡುತ್ತದೆ. ಆದರೆ ಪಿತ್ತನಾಳದ ಕಲ್ಲಿನಿಂದ, ಗಡ್ಡೆಯಿಂದ, ಇಲಿಜ್ವರದಿಂದ ಬಂದ ಕಾಮಾಲೆ ಹೀಗೆ ಕಾಯುವುದಿಲ್ಲ. ಪಥ್ಯ ಮಾಡುತ್ತ ಮೂರು ವಾರ ಕಳೆದು, ಪ್ರಜ್ಞೆ ಮಸುಕಾದ ಮೇಲೆ ಬರುವವರನ್ನು ದಾವಣಗೆರೆಗೋ ಬೆಂಗಳೂರಿಗೋ ಕಳಿಸುವಾಗ, ಮೊದಲ ವಾರದಲ್ಲೇ ರಕ್ತಪರೀಕ್ಷೆ ಮಾಡಿಸಿದ್ದರೆ ಎಂದು ನಾವು ಕೈ ಹಿಸುಕಿಕೊಳ್ಳುತ್ತೇವೆ. ಗುಣವಾದವರು ಊರಲ್ಲಿದ್ದು ಸಾಕ್ಷಿ ಹೇಳುತ್ತಾರೆ, ಆಗದವರ ಸಾಕ್ಷಿ ಕೇಳಲು ಯಾರೂ ಹೋಗುವುದಿಲ್ಲ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಪೂರ್ತಿ ‘ಆಗುವುದೇ ಇಲ್ಲ’ ಎಂದು ಹೇಳುವುದೂ ಸರಿಯಲ್ಲ. ಬ್ರಿಟನ್ನಿನಲ್ಲಿ ನಡೆದು 2017ರ ಕೊನೆಯಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಡೈರೆಕ್ಟ್ ಅಧ್ಯಯನದಲ್ಲಿ, ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ, ಎರಡನೆಯ ಬಗೆಯ ಸಕ್ಕರೆ ಕಾಯಿಲೆಯ 306 ಜನರಿದ್ದರು. ಅರ್ಧದಷ್ಟು ಮಂದಿಗೆ ವೈದ್ಯಕೀಯ ನಿಗಾದಲ್ಲಿ ಮಾತ್ರೆ ನಿಲ್ಲಿಸಿ, ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಕಟ್ಟುನಿಟ್ಟಾದ ಆಹಾರ ಕೊಟ್ಟು ತೂಕ ಇಳಿಸಿದರು. ಒಂದು ವರ್ಷದ ಬಳಿಕ ಅವರಲ್ಲಿ ಶೇ. 46ರಷ್ಟು ಜನರ ಸಕ್ಕರೆ ಮಾತ್ರೆಯಿಲ್ಲದೆ ಹತೋಟಿಯಲ್ಲಿತ್ತು. ಎಂದಿನ ಚಿಕಿತ್ಸೆಯಲ್ಲೇ ಉಳಿದವರಲ್ಲಿ ಆ ಪ್ರಮಾಣ ಶೇ. 4. ಆ ನಾಲ್ಕನ್ನು ಗಮನಿಸಿ. ಹೋಲಿಕೆಯ ಗುಂಪು ಇಲ್ಲದಿದ್ದರೆ 46ಕ್ಕೆ ಏನೂ ಅರ್ಥವಿರುತ್ತಿರಲಿಲ್ಲ. ಯಂತ್ರದವರು ಇಂಥ ಸುದ್ದಿಯ ‘ರಿವರ್ಸ್’ ಎಂಬ ತುಣುಕನ್ನಷ್ಟೇ ಎತ್ತಿಕೊಂಡು, ತೂಕ ಇಳಿಸಿದ ಶ್ರಮವನ್ನು ಬಿಟ್ಟು, ಆ ಜಾಗದಲ್ಲಿ ತಮ್ಮ ನೀರನ್ನು ಇಡುತ್ತಾರೆ. ಅವ್ವನ ಮಾತ್ರೆಯನ್ನು ಇವರ ಮಾತಿಗೆ ನಿಲ್ಲಿಸಬೇಡಿ. ಇನ್ಸುಲಿನ್ ಮೇಲಿರುವವರು ಅದನ್ನು ನಿಲ್ಲಿಸಿದರೆ ದಿನಗಳಲ್ಲೇ ಜೀವಕ್ಕೆ ಸಂಚಕಾರ ಬರಬಹುದು. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಒಂದು ಬೆಳಗಿನ ಬೆರಳತುದಿಯ ಸಂಖ್ಯೆಗಿಂತ ಅದನ್ನು ನಂಬಿ.

ಚಳ್ಳಕೆರೆಯ ಎಣ್ಣೆ ವ್ಯಾಪಾರಿ

ನಮ್ಮ ಕಸುಬಿನದೇ ಒಂದು ಮಾತು ಸೇರಿಸುತ್ತೇನೆ. ಶೇಂಗಾ ಎಣ್ಣೆಯ ಡಬ್ಬದ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದು ಬರೆದಿರುವುದನ್ನು ನೋಡಿ ನಾಲ್ಕು ರೂಪಾಯಿ ಹೆಚ್ಚು ಕೊಡುವ ಗಿರಾಕಿಗಳಿದ್ದಾರೆ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಕೊಬ್ಬಿನಲ್ಲಿ. ಶೇಂಗಾ, ಸೂರ್ಯಕಾಂತಿ, ಕುಸುಬೆ ಯಾವುದರ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟಿಲ್ಲ. ಆ ಸಾಲು ನಿಜ, ಆದರೆ ಪಕ್ಕದ ಡಬ್ಬಕ್ಕೂ ಅಷ್ಟೇ ನಿಜ.

ಮೊಳಕಾಲ್ಮೂರಿನ ನಾಟಿ ವೈದ್ಯ ಮನೆತನದವನು

ಡಾಕ್ಟರಮ್ಮನವರ ಮಾತಿನಲ್ಲಿ ತಥ್ಯವಿದೆ, ಆದರೆ ಚರ್ಚೆ ಒಂದೇ ಕಡೆಗೆ ವಾಲುತ್ತಿದೆ ಎಂದು ಹೇಳಲೇಬೇಕಾಗಿದೆ. ನಮ್ಮ ತಾತ ಕಾಮಾಲೆಗೆ ಸೊಪ್ಪು ಕೊಟ್ಟು ಯಾರಿಂದಲೂ ಹಣ ಮುಟ್ಟಿದವರಲ್ಲ. ಅವರನ್ನೂ ಟೈ ಕಟ್ಟಿಕೊಂಡು ಯಂತ್ರ ಮಾರುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳು ಸತ್ತಾಗ, ನಮ್ಮ ದೇಶದಲ್ಲಿ ತಯಾರಾದ ಕೆಮ್ಮಿನ ಸಿರಪ್ಪುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿತು. 2016ರಲ್ಲಿ ಕೇಂದ್ರ ಸರ್ಕಾರ 344 ಬಗೆಯ ಮಿಶ್ರಣ ಮಾತ್ರೆಗಳನ್ನು ಒಮ್ಮೆಗೇ ನಿಷೇಧಿಸಲು ಹೊರಟದ್ದು, ಅವು ಅಷ್ಟು ವರ್ಷ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದವು ಎಂಬುದಕ್ಕೇ ಸಾಕ್ಷಿಯಲ್ಲವೇ? ಅನುಮಾನ ಪಡುವುದಾದರೆ ಎಲ್ಲದರ ಮೇಲೂ ಪಡಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ, ಚಳ್ಳಕೆರೆ ತಾಲ್ಲೂಕು

ಒಪ್ಪುತ್ತೇನೆ ಸರ್, ಎಲ್ಲದರ ಮೇಲೂ ಪಡಬೇಕು. ನಿಮ್ಮ ತಾತನವರ ಉದ್ದೇಶವನ್ನು ನಾನು ಪ್ರಶ್ನಿಸಿಲ್ಲ. ಆದರೆ ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಸೊಪ್ಪು ಕೆಲಸ ಮಾಡುತ್ತದೆಂದು ಹೇಳಲಾಗದು. ಮಾರುವವನು ಲಾಭಕೋರನೆಂಬ ಕಾರಣಕ್ಕೆ ಮಾತ್ರೆ ಕೆಲಸ ಮಾಡುವುದಿಲ್ಲವೆಂದೂ ಹೇಳಲಾಗದು. ರೋಫೆಕಾಕ್ಸಿಬ್ ಎಂಬ ಕೀಲುನೋವಿನ ಮಾತ್ರೆಯನ್ನು ಜಗತ್ತಿನಾದ್ಯಂತ ಲಕ್ಷಾಂತರ ಜನ ನುಂಗಿ, ನೋವು ಇಳಿಯಿತೆಂದು ನಿಜವನ್ನೇ ಹೇಳಿದರು. ಅದರಿಂದ ಹೃದಯಾಘಾತ ಹೆಚ್ಚುತ್ತದೆ ಎಂಬುದು ಖಚಿತವಾದದ್ದು, ನಿಜವಾದ ಮಾತ್ರೆ ನುಂಗಿದವರನ್ನೂ ಅದರಂತೆಯೇ ಕಾಣುವ ಪೊಳ್ಳು ಮಾತ್ರೆ ನುಂಗಿದವರನ್ನೂ ಹೋಲಿಸಿದಾಗ. 2004ರಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಯಾವ ಒಬ್ಬ ರೋಗಿಯ ಅನುಭವವೂ, ಯಾವ ಒಬ್ಬ ವೈದ್ಯರ ಅನುಭವವೂ ಅದನ್ನು ಹೇಳಲಾರದಾಗಿತ್ತು.

ಅದೇ ಹೋಲಿಕೆಯಿಂದ ನಮ್ಮ ಪದ್ಧತಿಗಳಿಗೆ ಗೌರವ ಸಿಕ್ಕಿದ್ದೂ ಉಂಟು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತೇ ಅತ್ತ ತಿರುಗಿ ನೋಡಿತು. ಆ ಬೇರಿನಿಂದ ಬೇರ್ಪಡಿಸಿದ ರೆಸರ್ಪಿನ್ ಎಷ್ಟೋ ವರ್ಷ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಭಗಂದರಕ್ಕೆ (ಗುದದ ಬಳಿ ಆಗುವ ಕೀವಿನ ನಾಳದಂಥ ಹುಣ್ಣು) ಆಯುರ್ವೇದದ ಕ್ಷಾರಸೂತ್ರವನ್ನು (ಔಷಧಿ ಲೇಪಿಸಿದ ದಾರ) ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹಲವು ಕೇಂದ್ರಗಳಲ್ಲಿ ಶಸ್ತ್ರಚಿಕಿತ್ಸೆಯೊಡನೆ ಹೋಲಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿತು. ಗಾಯ ಮಾಯಲು ಶಸ್ತ್ರಚಿಕಿತ್ಸೆಯಲ್ಲಿ ನಾಲ್ಕು ವಾರ, ಕ್ಷಾರಸೂತ್ರದಲ್ಲಿ ಎಂಟು ವಾರ ಬೇಕಾಯಿತು; ಆದರೆ ಕಾಯಿಲೆ ಮರುಕಳಿಸಿದ್ದು ಮೊದಲನೆಯದರಲ್ಲಿ ಶೇ. 11, ಎರಡನೆಯದರಲ್ಲಿ ಶೇ. 4. ಇದನ್ನು ನಾನು ರೋಗಿಗಳಿಗೆ ಸಂಕೋಚವಿಲ್ಲದೆ ಹೇಳುತ್ತೇನೆ.

ಇದರ ಇನ್ನೊಂದು ಮುಖ ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ವೈದ್ಯರು ಅದನ್ನು ಸೇವಿಸಿ ಲಿವರಿಗೆ ಪೆಟ್ಟು ಬಿದ್ದ ಆರು ಜನರನ್ನು ವರದಿ ಮಾಡಿದರು, ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ 43 ಜನರ ವರದಿ ಬಂತು. ಆಯುಷ್ ಸಚಿವಾಲಯ ಈ ಸಂಬಂಧವನ್ನು ಒಪ್ಪಲಿಲ್ಲ. ಹೋಲಿಕೆಯ ಗುಂಪಿಲ್ಲದ ಇಂಥ ವರದಿ ಸಂಶಯವನ್ನು ಎತ್ತುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ ಎಂಬುದನ್ನು ನನ್ನ ಕಡೆಯವರೂ ಒಪ್ಪಬೇಕು. ಆದರೂ ಲಿವರ್ ತೊಂದರೆಯಿರುವವರಿಗೆ ನಾನು ಅದನ್ನು ಬೇಡವೆನ್ನುತ್ತೇನೆ. ‘ಸೊಪ್ಪುಸದೆ, ಅಡ್ಡಪರಿಣಾಮ ಇಲ್ಲ’ ಎಂಬ ಮಾತು ಮಾತ್ರ ಯಾವ ಕಡೆಯಿಂದಲೂ ನಿಲ್ಲುವುದಿಲ್ಲ. ಪರಿಣಾಮ ಇರುವುದಾದರೆ ಅಡ್ಡಪರಿಣಾಮವೂ ಇರಬಹುದು.

ಮೊಳಕಾಲ್ಮೂರಿನ ನಾಟಿ ವೈದ್ಯ ಮನೆತನದವನು

ಕ್ಷಾರಸೂತ್ರದ ವಿಷಯ ನನಗೆ ತಿಳಿದಿರಲಿಲ್ಲ. ಕಾಮಾಲೆಗೆ ಬಂದವರನ್ನು ಮೊದಲು ರಕ್ತಪರೀಕ್ಷೆಗೆ ಕಳಿಸಿ ಎಂಬುದನ್ನು ಮನೆಯಲ್ಲಿ ಹೇಳುತ್ತೇನೆ. ಸೊಪ್ಪು ನಿಲ್ಲಿಸಿ ಎಂದು ಹೇಳಲಾರೆ, ಹೇಳಿದರೂ ನಮ್ಮ ದೊಡ್ಡಪ್ಪ ಕೇಳುವವರಲ್ಲ.

ಬಿ.ಎಸ್ಸಿ. ವಿದ್ಯಾರ್ಥಿನಿ, ಹಿರಿಯೂರು

‘ವೈಜ್ಞಾನಿಕವಾಗಿ ದೃಢಪಟ್ಟಿದೆ’ ಎಂಬ ಮಾತನ್ನು ಮೊಬೈಲಿನಲ್ಲೇ ಪರೀಕ್ಷಿಸಬಹುದು. ನಮ್ಮ ದೇಶದಲ್ಲಿ ಔಷಧ ಪ್ರಯೋಗಗಳನ್ನು ನೋಂದಾಯಿಸುವ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆ 2007ರಲ್ಲಿ ಆರಂಭವಾಯಿತು, 2009ರಿಂದ ನೋಂದಣಿ ಕಡ್ಡಾಯವಾಗಿದೆ. ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಆಯುರ್ವೇದದ ಪ್ರಯೋಗಗಳೂ ಅಲ್ಲಿವೆ. ನೋಂದಣಿಯಾಗಿದೆ ಎಂದರೆ ಗೆದ್ದಿದೆ ಎಂದಲ್ಲ, ಎಷ್ಟು ಜನರ ಮೇಲೆ, ಯಾವುದಕ್ಕೆ ಹೋಲಿಸಿ ನೋಡಲು ಹೊರಟಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ಜೊತೆಗೆ ‘ಅಪಾಯ ಅರ್ಧಕ್ಕರ್ಧ ಇಳಿಯುತ್ತದೆ’ ಎಂದರೆ ಯಾವುದರ ಅರ್ಧ ಎಂದು ಕೇಳಿ. ನೂರರಲ್ಲಿ ನಲವತ್ತು ಇಪ್ಪತ್ತಾದರೂ ಅರ್ಧ, ಸಾವಿರದಲ್ಲಿ ಎರಡು ಒಂದಾದರೂ ಅರ್ಧ.

ವಿದ್ಯಾನಗರ ನಿವಾಸಿ, ದಾವಣಗೆರೆ

ಪ್ರತಿನಿಧಿ ನಿನ್ನೆ ಮನೆಗೆ ಬಂದಿದ್ದರು. ಅವರ ನೀರಿಗೆ ಉಪ್ಪು ಹಾಕಿ ಕಡ್ಡಿ ಅದ್ದಿ ಎಂದು ಕೇಳಿದವರು ಅವ್ವನೇ. ‘ಅಮ್ಮಾ, ಕಂಪನಿಯವರು ಅದಕ್ಕೆ ಅನುಮತಿ ಕೊಟ್ಟಿಲ್ಲ’ ಎಂದು ಅವರು ಪೆಟ್ಟಿಗೆ ಮುಚ್ಚಿದರು. ಯಂತ್ರ ಬೇಡವೆಂದು ತೀರ್ಮಾನವಾಗಿದೆ, ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೇವೆ. ಎದುರು ಮನೆಯ ಅಜ್ಜಿ ಮಾತ್ರ ಮುಂಗಡ ಕೊಟ್ಟುಬಿಟ್ಟಿದ್ದಾರೆ. ಅದನ್ನು ವಾಪಸು ಪಡೆಯುವ ದಾರಿ ಇದೆಯೇ?

ಔಷಧ ಅಂಗಡಿಯವನು, ಪಿ.ಜೆ. ಬಡಾವಣೆ, ದಾವಣಗೆರೆ

ಇದೆ. ಮುಂಗಡದ ರಸೀದಿ, ಕರಪತ್ರ, ಆ ಕಂಪ್ಯೂಟರ್ ವರದಿ, ವಾಟ್ಸ್‌ಆಪ್ ಸಂದೇಶಗಳು ಯಾವುದನ್ನೂ ಬಿಸಾಡಬೇಡಿ. ಸರಪಳಿ ಮಾರಾಟದ ಕಂಪನಿಯಾಗಿದ್ದರೆ 2021ರ ನೇರ ಮಾರಾಟ ನಿಯಮಗಳು ಅದಕ್ಕೆ ಅನ್ವಯಿಸುತ್ತವೆ. ಒಪ್ಪಂದದಲ್ಲಿ ಮನಸ್ಸು ಬದಲಿಸಿ ಹಿಂದಿರುಗಿಸಲು ಎಷ್ಟು ದಿನಗಳ ಅವಕಾಶ ಕೊಟ್ಟಿದ್ದಾರೆಂದು ಮೊದಲು ನೋಡಿ, ಅದರೊಳಗೇ ಲಿಖಿತವಾಗಿ ಬೇಡವೆಂದು ತಿಳಿಸಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ದೂರು ಕೊಡಬಹುದು. ಯಾವುದೇ ಔಷಧದಿಂದ, ನಾಟಿಯದಾಗಲಿ ಇಂಗ್ಲಿಷಿನದಾಗಲಿ, ಮೈಗೆ ತೊಂದರೆಯಾಗಿದ್ದರೆ ಅದನ್ನು ದಾಖಲಿಸಲು ಬೇರೆಯೇ ಉಚಿತ ಸಂಖ್ಯೆ ಇದೆ: 1800-180-3024. ಅಜ್ಜಿಯವರನ್ನು ನಾಳೆ ಸಂಜೆ ಅಂಗಡಿಗೆ ಕರೆತಂದರೆ ಪತ್ರವನ್ನು ಕೂತು ಬರೆದುಕೊಡುತ್ತೇನೆ, ರಸೀದಿಯ ಜೆರಾಕ್ಸ್ ಎರಡು ಪ್ರತಿ ಇರಲಿ.